ವಿದ್ಯಾನಗರದ 3ಡಿ ಪ್ರಿಂಟ್ ಅಂಗಡಿ: ಪ್ರೋಟೀನ್ ಮಾಡೆಲ್ ಮಾಡಿಸಿದ್ದೆ, 4 ಸ್ಟಾರ್, ಒಂದು ಸ್ಟಾರ್ ಯಾಕ ಕಟ್ ಅಂದ್ರ

ಮೊದಲ ಹೇಳಿಬಿಡ್ತೀನಿ, ಈ ರಿವ್ಯೂ ಉದ್ದ ಆಗತೈತಿ. ಬರೇ ರೇಟ್ ಎಷ್ಟು ಟೈಮ್ ಎಷ್ಟು ಅಂತ ನೋಡಾಕ ಬಂದವ್ರು ಇಷ್ಟ ಓದಿ ಹೋಗ್ರಿ: ಮೂರು ಪೀಸಿನ ಒಂದು ಸೆಟ್ಟು, ಆಮ್ಯಾಲ ಒಂದು ಅಲುಗಾಡೂ ಮಾಡೆಲ್ಲು, ಎಲ್ಲಾ ಕೂಡಿ 4,350 ರೂಪಾಯಿ ಆತು, ಒಂದು ವಾರದಾಗ ಕೊಡ್ತೀವಿ ಅಂದಿದ್ದು ಹದಿನೇಳು ದಿನ ಹಿಡೀತು, ಕೆಲಸ ಅಗದಿ ಛಲೋ, ಪ್ಯಾಕಿಂಗ್ ಅಗದಿ ಕೆಟ್ಟ. ಉಳಿದವ್ರು ಒಂದು ಕಪ್ ಚಾ ತಗೊಂಡು ಕುಂದರ್ರಿ.

ನಾನು ಗದಗದಾಗ ಡಿಗ್ರಿ ಹುಡುಗರಿಗೆ ಬಯಾಲಜಿ ಹೇಳತೀನಿ. ಪ್ರತಿ ವರ್ಷ ನರಕೋಶದ ಪಾಠ ಬಂದಾಗ ಒಂದ ಕಡೆ ಗಾಡಿ ನಿಲ್ಲತೈತಿ. ಸೆರೊಟೋನಿನ್ನು ಡೋಪಮಿನ್ನು ಅಂತ ಸುದ್ದಿ ಒಯ್ಯೂ ರಾಸಾಯನಿಕ ಸಿನಾಪ್ಸಿನ್ಯಾಗ, ಅಂದ್ರ ಎರಡು ನರಕೋಶದ ನಡೂಕಿನ ಸಂದಿನ್ಯಾಗ ಬೀಳತಾವ, ಕೆಲಸ ಮುಗೀತಂದ್ರ ಅವನ್ನ ತಿರುಗಿ ಒಳಗ ಎಳಕೊಂತಾವ ಅಂತ ಹೇಳಿ ಬೋರ್ಡ್ ಮ್ಯಾಲ ನರಕೋಶದ ಪೊರಿ ಬರದು ಅದರಾಗ ಅವನ್ನ ಒಯ್ಯೂ ಪ್ರೋಟೀನ್ ಅಂತ ಒಂದು ತತ್ತಿ ಆಕಾರ ಬರದು ಒಂದು ಬಾಣ ಎಳೀತೀವಲ್ಲ, ಆ ಬಾಣನ ನೋಡ್ರಿ ಎಲ್ಲಾ ಕೆಡಿಸೂದು. ಹುಡುಗರನ್ನ ಕೇಳ್ರಿ, ಹೆಂಗ ಒಳಗ ಹೋತು? "ತೂತಿನಾಗಿಂದ ಹೋತ್ರಿ ಸರ್." ತೂತು ಇದ್ರ ಹೊರಗಿನ ಸೋಡಿಯಂ ಎಲ್ಲಾ ಭರ್ ಅಂತ ಒಳಗ ನುಗ್ಗಬೇಕಲ್ಲೋ? ಸುಮ್ಮ. ಹೋದ ವರ್ಷ ಒಬ್ಬ ಹುಡುಗಿ ನೆಟ್ಟಗ ಕೇಳಿದ್ಲು, ತೂತಿಲ್ಲ, ಬಾಗಲಾನೂ ಅಲ್ಲ, ಹಂಗಾದ್ರ ಅದು ಏನ್ರಿ ಸರ್ ಅಂತ. ಬಾಯಿಲೆ ಹೇಳಾಕ ಹೋಗಿ ನಾನ ಸಿಕ್ಕೊಂಡೆ. ಕೈಯಾಗ ಹಿಡಿಯೂದು ಒಂದು ಬೇಕು ಅಂತ ಅವತ್ತ ಅನಿಸ್ತು.

ಆಕಿ ಕೇಳಿದ್ದಕ್ಕ ಉತ್ತರ ಹಳೇದ. ನರಕೋಶ ಬಿಟ್ಟ ರಾಸಾಯನಿಕ ಎಲ್ಲಾ ಕಿಣ್ವದಿಂದ ಅಲ್ಲೇ ಒಡದು ಹೋಗತಾವ ಅಂತ ತಿಳಕೊಂಡಿದ್ರು ಮೊದಲಿನ ಮಂದಿ, ಅಸಿಟೈಲ್‌ಕೋಲಿನ್ ಹಂಗ ಹೋಗತೈತಲ್ಲ ಅದನ್ನ ನೋಡಿ. ನಾರ್‌ಅಡ್ರಿನಲಿನ್ ಹಂಗಲ್ಲ, ಬಿಟ್ಟ ನರಾನ ಅದನ್ನ ತಿರುಗಿ ಒಳಗ ತಗೋತೈತಿ ಅಂತ ತೋರಿಸಿದವ್ರು ಅಮೆರಿಕಾದ ಜೂಲಿಯಸ್ ಆಕ್ಸೆಲ್‌ರಾಡ್, 1970ರಾಗ ನೊಬೆಲ್ ಬಂತು. ತಗೋಳೂ ಪ್ರೋಟೀನ್ ಹೆಂಗ ಕೆಲಸ ಮಾಡತಿರಬಹುದು ಅನ್ನೂದಕ್ಕ 1966ರಾಗ ಆಲೆಗ್ ಯಾರ್ಡೆಟ್ಸ್ಕಿ ಅನ್ನಾವ್ರು ಒಂದು ಸಣ್ಣ ಲೇಖನದಾಗ ಮೂರು ಶರ್ತ ಇಟ್ರು: ನಡುವ ಒಂದು ಕುಂದ್ರೂ ಜಾಗ ಇರಬೇಕು, ಆ ಜಾಗ ಒಂದಸಲ ಹೊರಗಿನವ್ರಿಗೆ ಒಂದಸಲ ಒಳಗಿನವ್ರಿಗೆ ತೆರೀಬೇಕು, ಎರಡೂ ಕಡೆ ಆದಾಗ ಹಿಡಿತ ಬ್ಯಾರೆಬ್ಯಾರೆ ಇರಬೇಕು. ಕಣ್ಣಿಲೆ ನೋಡದ ಬರೇ ತಲಿ ಓಡಿಸಿ ಬರದದ್ದು. ಅದು ಖರೇ ಅಂತ ಪ್ರೋಟೀನಿನ ಚಿತ್ರಾನ ಬಂದು ಕಾಣಬೇಕಾದ್ರ ನಲವತ್ತು ವರ್ಷ ಹಿಡೀತು.

ಸರಿ, ಅಂಗಡಿ ವಿಷಯಕ್ಕ ಬರ್ತೀನಿ. ಆನ್‌ಲೈನಿನ್ಯಾಗ ಹೊರದೇಶದ ಮಾಡೆಲ್ ನೋಡಿದೆ, ರೇಟ್ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ನಮ್ಮ ಪಗಾರಕ್ಕ ಅದು ಅಲ್ಲ. ಕೆಮಿಸ್ಟ್ರಿ ಸರ್ ಹೇಳಿದ್ರು, ಹುಬ್ಬಳ್ಯಾಗ ಈ ಅಂಗಡಿ ಐತಿ, ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಎಲ್ಲಾ ಇಲ್ಲೇ ಪ್ರಿಂಟ್ ಆಗತಾವ ಅಂತ. ಒಂದು ಶನಿವಾರ ಬೆಳಿಗ್ಗಿ ಗದಗದಾಗ ರೈಲು ಹತ್ತಿದೆ, ಅಣ್ಣಿಗೇರಿ ದಾಟೂದ್ರಾಗ ಮೂರು ಫೈಲ್ ಪೆನ್‌ಡ್ರೈವಿಗೆ ಹಾಕ್ಕೊಂಡೆ, ಹುಬ್ಬಳ್ಳಿ ಸ್ಟೇಷನ್ನಿನ ಆ ದೀಡ ಕಿಲೋಮೀಟರ್ ಪ್ಲಾಟ್‌ಫಾರ್ಮಿನ ತುದೀಗೆ ನಮ್ಮ ಡಬ್ಬಿ ನಿಂತು ನಡದು ನಡದು ಅರ್ಧ ಜೀವ ಹೋತು, ಜಗತ್ತಿನಾಗ ಎಲ್ಲಾಕ್ಕಿಂತ ಉದ್ದಂದು ಅಂತ ಹೆಮ್ಮಿ ಪಡೂ ಮಂದಿ ಒಮ್ಮೆ ಮೊಳಕಾಲ ನೋವು ಇಟಗೊಂಡು ನಡೀಬೇಕ್ರಿ. ಅಲ್ಲಿಂದ ಚಿಗರಿ ಬಸ್ ಹತ್ತಿ ವಿದ್ಯಾನಗರ.

ಅಂಗಡಿ ಸಣ್ಣದು, ಮೆಟ್ಟಲಾ ಹತ್ತಿ ಮ್ಯಾಲ ಹೋಗಬೇಕು, ಬೋರ್ಡ್ ಕಾಣೂದಿಲ್ಲ, ಕೆಳಗ ಜೆರಾಕ್ಸ್ ಅಂಗಡಿಯವ್ರನ್ನ ಕೇಳ್ರಿ. ಒಳಗ ನಾಕು ಮಷೀನ್, ಕಾದ ಪ್ಲಾಸ್ಟಿಕ್ಕಿನ ವಾಸನಿ, ಗ್ವಾಡಿ ಮ್ಯಾಲ ಹಲ್ಲಿನ ಡಾಕ್ಟರ್ ಆರ್ಡರ್ ಕೊಟ್ಟ ದವಡಿ, ಬೈಕಿನ ಯಾವುದೋ ಪಾರ್ಟು, ಬರ್ತಡೇ ಹೆಸರು, ಒಂದು ಮೂಲ್ಯಾಗ ತಂತಿ ಕಟ್ಟಿ ಬಣ್ಣ ಹಚ್ಚಿದ ಪೀಸ್ ಒಣಗಾಕ ಅರಿವಿ ಕ್ಲಿಪ್ಪಿಲೆ ತೂಗ ಹಾಕ್ಯಾರ. ಈ ಕ್ಲಿಪ್ ನೆನಪಿಟ್ಟಗೋರಿ, ಮುಂದ ಬರತೈತಿ.

ನಾನು ಒಯ್ದಿದ್ದು ಲ್ಯೂಟಿ ಅನ್ನೂ ಪ್ರೋಟೀನ್. ಹುಡುಗರೂ ಕೇಳಿದ್ರು, ಪಾಠ ಸೆರೊಟೋನಿನ್ನಿಂದು, ನೀವು ತಂದದ್ದು ಬ್ಯಾಕ್ಟೀರಿಯಾದ್ದು, ಅಮೈನೋ ಆಸಿಡ್ ಒಯ್ಯೂದು, ಯಾಕ್ರಿ ಅಂತ. ಯಾಕಂದ್ರ ಇದು ನಮ್ಮ ಮಿದುಳಿನ ಸೆರೊಟೋನಿನ್, ಡೋಪಮಿನ್, ಗಾಬಾ ಸಾಗಿಸೂ ಪ್ರೋಟೀನಿನ ದಾಯಾದಿ, ಒಂದ ಮನೆತನ. ಕುದಿಯೂ ನೀರಿನ ಮಗ್ಗಲ ಬದಕೂ ಆಕ್ವಿಫೆಕ್ಸ್ ಅನ್ನೂ ಬ್ಯಾಕ್ಟೀರಿಯಾದ್ದು ಆದ್ದರಿಂದ ಗಟ್ಟಿ ಐತಿ, ಹರಳು ಮಾಡಾಕ ಸಿಗತೈತಿ, ಆ ಹರಳಿಗೆ ಎಕ್ಸ್‌ರೇ ಬಿಟ್ಟು 2005ರಾಗ ಎರಿಕ್ ಗುವೊ ಅವ್ರ ಲ್ಯಾಬಿನವ್ರು ಮೊದಲ ಚಿತ್ರ ಕೊಟ್ರು. ಆಮ್ಯಾಲ 2013ರಾಗ ಹಣ್ಣಿನ ನೊಣದ ಡೋಪಮಿನ್ ಟ್ರಾನ್ಸ್‌ಪೋರ್ಟರ್ ಅಂದ್ರ ಅದನ್ನ ಸಾಗಿಸೂ ಪ್ರೋಟೀನ್, 2016ರಾಗ ಮನಷ್ಯಾರ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್ ಬಂದು, ನೋಡಿದ್ರ ಪ್ರೋಟೀನಿನ ಎಳಿ ಸುತ್ತಿಕೊಂಡ ಹನ್ನೆರಡು ಸುರುಳಿ, ನಡುವ ಕುಂದ್ರೂ ಜಾಗ, ಕಟ್ಟಡ ಅದ. ಆ ನೊಣದ್ದನ್ನ ಮಾಡಿದವ್ರಾಗ ಮೊದಲ ಹೆಸರು ಅರವಿಂದ್ ಪೆನ್ಮತ್ಸ ಅವ್ರದು, ಈಗ ಬೆಂಗಳೂರಿನ ಐಐಎಸ್‌ಸಿ ಒಳಗ ಇದಾ ಕೆಲಸ ಮಾಡ್ತಾರ. ಹುಡುಗರಿಗೆ ಇದನ್ನ ಹೇಳಿದ್ರ ಕಣ್ಣ ಅರಳತಾವ, ನಾವ ಕುಂತ ಊರಿಂದ ಒಂದು ರಾತ್ರಿ ರೈಲಿನ ದಾರಿ ಅಷ್ಟ ಅಂತ.

ಲ್ಯೂಟಿ ತಗೊಂಡಿದ್ದಕ್ಕ ಇನ್ನೊಂದು ಕಾರಣ, ಇದ ಒಂದು ಪ್ರೋಟೀನ್ ಮೂರು ಭಂಗಿಯೊಳಗ ಸಿಕ್ಕೈತಿ. ಪ್ರೋಟೀನ್ ಡೇಟಾ ಬ್ಯಾಂಕಿನ್ಯಾಗ 3ಟಿಟಿ1 ಅಂದ್ರ ಹೊರಗ ಬಾಯಿ ತಗದದ್ದು, 2ಎ65 ಅಂದ್ರ ಲ್ಯೂಸಿನ್ (ಇದು ಒಯ್ಯೂ ಅಮೈನೋ ಆಸಿಡ್) ನುಂಗಿ ಬಾಯಿ ಮುಚ್ಚಿದ್ದು, 3ಟಿಟಿ3 ಅಂದ್ರ ಒಳಗ ತಗದದ್ದು. ಫೈಲ್ ಫ್ರೀ, ನೋಡೂ ಸಾಫ್ಟ್‌ವೇರ್ ಫ್ರೀ, ಪ್ರಿಂಟ್ ಅಷ್ಟ ರೊಕ್ಕ. ಅಂಗಡಿಯವ್ರು ಮೊದಲ ಹೇಳಿದ್ರು, ಸರ್ ನಡೂಕಿಂದು ಯಾಕ್ರಿ, ತಗದದ್ದು ಮುಚ್ಚಿದ್ದು ಎರಡ ಸಾಕಲ್ಲ, ಸಾವಿರ ರೂಪಾಯಿ ಉಳೀತು ಅಂತ. ಕೇಳ್ಳಿಲ್ಲ. ಛಲೋನ ಆತು ಕೇಳದಿದ್ದದ್ದು.

ಅಳತಿ ಹಿಂಗ ಹಿಡದ್ವಿ: ಒಂದು ಆಂಗ್‌ಸ್ಟ್ರಾಮಿಗೆ ಎರಡು ಮಿಲಿಮೀಟರ್ (ಆಂಗ್‌ಸ್ಟ್ರಾಮ್ ಅಂದ್ರ ಮಿಲಿಮೀಟರಿನ ಕೋಟಿ ಪಾಲಿನಾಗ ಒಂದು), ಅಂದ್ರ ಎರಡು ಕೋಟಿ ಪಟ್ಟು ದೊಡ್ಡದು. ಆವಾಗ ಪ್ರೋಟೀನ್ ಒಂದು ಗೇಣಿಗಿಂತ ಕಮ್ಮಿ ಎತ್ತರ ಬರತೈತಿ, 14 ಸೆಂಟಿಮೀಟರ್ ಹತ್ರ. ಲ್ಯೂಸಿನ್ ಎಷ್ಟು ಬರತೈತಿ ಅಂತ ಲೆಕ್ಕ ಹಾಕಿದ್ರ ಒಂದು ಸೆಂಟಿಮೀಟರಿಗಿಂತ ಚೂರು ಹೆಚ್ಚು, ಅಗದಿ ಒಂದು ಶೇಂಗಾ ಕಾಳು. ಸೋಡಿಯಂ ಅಯಾನು ನಾಕು ಮಿಲಿಮೀಟರ್, ಅಂದ್ರ ಜ್ವಾಳದ ಕಾಳು. ಅದನ್ನ ಪ್ರಿಂಟ್ ಮಾಡ್ಸೂದ ಬ್ಯಾಡ ಬಿಡ್ರಿ ಅಂದೆ, ಮನ್ಯಾಗ ಅದಾವ. ಖರೇನ ಈಗ ಕ್ಲಾಸಿಗೆ ಹೋಗುವಾಗ ಕಿಸೆದಾಗ ನಾಕು ಶೇಂಗಾ ಒಂದ ಮುಷ್ಟಿ ಜ್ವಾಳ ಇಟಗೊಂಡ ಹೋಗ್ತೀನಿ. ಪೊರಿಗೆ ಆರು ಸೆಂಟಿಮೀಟರ್ ದಪ್ಪ ಥರ್ಮಾಕೋಲ್, ಅದರಾಗ ಕೊರದು ಕುಂದರ್ಸೂದು.

ಮೊದಲನೇ ಎಡವಟ್ಟು ನಂದು, ಅಂಗಡಿ ಮ್ಯಾಲ ಹಾಕಾಂಗಿಲ್ಲ. ಮೂರನೇ ದಿನ ಫೋನ್ ಬಂತು, "ಸರ್, ರಾತ್ರಿ ಇಡೀ ಓಡಿಸೇವಿ, ಪೀಸ್ ಬಂದೈತಿ, ಆದ್ರ ಇದಕ್ಕ ಒಂದು ಬಾಲ ಐತಲ್ರಿ, ಮೈಯಷ್ಟ ದೊಡ್ಡ ಬಾಲ, ಇದು ಹಿಂಗ ಇರಬೇಕೇನು?" ಫೋಟೋ ಕಳಿಸ್ರಿ ಅಂದೆ, ನೋಡಿ ತಲಿ ತಲಿ ಹೊಡಕೊಂಡೆ. 3ಟಿಟಿ1, 3ಟಿಟಿ3 ಎರಡೂ ಫೈಲಿನ್ಯಾಗ ಪ್ರೋಟೀನಿಗೆ ಒಂದು ಆಂಟಿಬಾಡಿ ತುಂಡು ಅಂಟಿರತೈತಿ, ಅಲುಗಾಡೂ ಪ್ರೋಟೀನನ್ನ ಒಂದ ಭಂಗಿಯೊಳಗ ಹಿಡದು ನಿಲ್ಲಿಸಿ ಹರಳು ಮಾಡಾಕ ಅವ್ರ ಹಾಕಿದ್ದು, ಅದನ್ನ ನಾನು ಅಳಸದ ಹಂಗ ಕೊಟ್ಟಬಿಟ್ಟೇನಿ. ಒಂಬತ್ತು ತಾಸಿನ ಪ್ರಿಂಟ್ ಹಾಳು. ಅಂಗಡಿಯವ್ರು ಪೂರ್ತಿ ರೊಕ್ಕ ಕೇಳಬಹುದಿತ್ತು, ಅರ್ಧ ತಗೊಂಡ್ರು. ಈ ಒಂದು ಮಾತಿಗೇ ಎರಡು ಸ್ಟಾರ್ ಕೊಡ್ತೀನಿ. ಬಾಲದ ಪೀಸ್ ಈಗ ಅವ್ರ ಕೌಂಟರ್ ಮ್ಯಾಲ ಪೇಪರ್ ವೇಟ್ ಆಗೇತಿ, ಹೋದವ್ರು ನೋಡ್ರಿ.

ಬಣ್ಣ ಹೆಂಗ ಹಾಕಿಸಿದೆ ಅಂದ್ರ, ಹನ್ನೆರಡು ಸುರುಳಿಯೊಳಗ 1, 2, 6, 7 ಇವು ನಾಕು ಕೆಂಪು, 3, 4, 8, 9 ಬೂದಿ ಬಣ್ಣ, ಉಳಿದದ್ದು ಬಿಳಿ. ಬೆರಳ ದಪ್ಪ ಕೊಳವಿ ಹಂಗ ಮಾಡ್ಯಾರ, ಬಳ್ಳಿ ಹಂಗ ತೆಳ್ಳಗ ಮಾಡಿದ್ರ ಮೊದಲ ಕ್ಲಾಸಿನ್ಯಾಗ ಮುರೀತಾವ. ಮೂರೂ ಪೀಸ್ ಸಾಲಾಗಿ ಇಟ್ಟು ನೋಡಿದ್ರ ಬೂದಿದು ಅಲ್ಲೇ ಐತಿ, ಕೆಂಪುದು ಅಷ್ಟ ಜಾಗ ಬಿಟ್ಟೈತಿ. ತೊಟ್ಟಿಲ ನೆನಸ್ಕೋರಿ, ಕಂಬ ಅಲುಗೂದಿಲ್ಲ, ತೊಟ್ಟಿಲ ಅಷ್ಟ ತೂಗತೈತಿ. ಇದಕ್ಕ ರಾಕಿಂಗ್ ಬಂಡಲ್ ಅಂತಾರ, ಲೂಸಿ ಫಾರೆಸ್ಟ್, ಗ್ಯಾರಿ ರುಡ್ನಿಕ್ ಅನ್ನಾವ್ರು 2008-09ರಾಗ ಹೇಳಿದ್ದು, ಅವಾಗ ಒಳಗ ತಗದ ಲ್ಯೂಟಿಯ ಚಿತ್ರ ಇನ್ನಾ ಬಂದಿದ್ದಿಲ್ಲ. ಮೊದಲ ಐದು ಸುರುಳಿ, ಆಮ್ಯಾಲಿನ ಐದು ಸುರುಳಿ ಒಂದಕ್ಕೊಂದು ತಲಿಕೆಳಗ ಮಾಡಿದ ಜೋಡಿ ಅನ್ನೂದನ್ನ ಹಿಡದು, ಒಂದರ ಆಕಾರ ಇನ್ನೊಂದಕ್ಕ ಹಾಕಿದ್ರ ಒಳಗ ತಗದದ್ದು ಹೆಂಗ ಕಾಣಬಹುದು ಅಂತ ಲೆಕ್ಕ ಹಾಕಿ ಹೇಳಿದ್ರು. ಬೆರಕಿ ಮಂದಿ.

ಇಷ್ಟಕ್ಕ ಮುಗಿಸಿದ್ರ ಆಗತಿತ್ತು. ಆದ್ರ ಅಂಗಡಿ ಹುಡುಗ, ಐಟಿಐ ಮಾಡ್ಯಾನಂತ, ಅವಗ ತಲಿ ಹತ್ತಿಬಿಡ್ತು. "ಸರ್ ಇದು ಅಲುಗಾಡೂದು ಅಂದ್ರಿ, ನಿಂತಿದ್ದು ಮೂರು ಕೊಟ್ರ ಏನ್ ಬಂತ್ರಿ, ಒಂದ ಪೀಸ್ ಅಲುಗಾಡೂ ಹಂಗ ಮಾಡೂನು." ಮೊದಲ ಕತ್ತರಿ ಹಂಗ ನಡುವ ಒಂದು ಮೊಳೆ ಹಾಕಿ ತೋರಿಸಿದ. ಅಲ್ಲೋ, ಕತ್ತರಿ ಮ್ಯಾಲ ತಗದ್ರ ಕೆಳಗೂ ತೆರೀತೈತಿ, ಎರಡೂ ಕಡೆ ಒಮ್ಮೆ ತೆರದ್ರ ಅದು ತೂತ ಆತಲ್ಲ, ಹುಡುಗರು ಬೋರ್ಡ್ ಮ್ಯಾಲ ಬರದದ್ದ ಬಂತು ಅಂದೆ. ಅಂವ ಅರ್ಧ ನಿಮಿಷ ಸುಮ್ನ ನಿಂತು, ತಂತಿ ಮ್ಯಾಲಿನ ಅರಿವಿ ಕ್ಲಿಪ್ ಒಂದು ಕಿತ್ತು ತಂದು ನನ್ನ ಕೈಯಾಗ ಇಟ್ಟ. "ಹಂಗಾದ್ರ ಇದು ನೋಡ್ರಿ." ಮ್ಯಾಲ ಒತ್ತಿದ್ರ ಮ್ಯಾಲ ಮುಚ್ಚತೈತಿ ಕೆಳಗ ತೆರೀತೈತಿ, ಬಿಟ್ರ ಕೆಳಗ ಮುಚ್ಚತೈತಿ ಮ್ಯಾಲ ತೆರೀತೈತಿ. ಇಪ್ಪತ್ತು ವರ್ಷ ಪಾಠ ಹೇಳೇನ್ರಿ, ಈ ಕ್ಲಿಪ್ ನನಗ ಹೊಳದಿದ್ದಿಲ್ಲ. ಮನ್ಯಾಗ ದಿನಾ ಅರಿವಿ ಒಣಗ ಹಾಕ್ತೀನಿ ನಾನ.

ಖುಷಿಯಾಗಿ ಅದನ್ನ ಮಾಡು ಅಂದೆ. ಮಾಡಿದ, ಕೆಂಪು ಗುಂಪು ಒಂದ ಗಟ್ಟಿ ತುಂಡು, ಮೊಳೆ ಮ್ಯಾಲ ತೂಗತೈತಿ. ಆಟ ಆಡಸ್ಕೊಂತ ಕುಂತಾಗ ಮತ್ತ ಸಿಕ್ಕೊಂಡೆ. ನಡೂಕಿನ ಪೀಸ್ ಎಲ್ಲಿ ಹೋತು? 2ಎ65 ಒಳಗ ಎರಡೂ ಕಡೆ ಮುಚ್ಚಿರತೈತಿ, ಶೇಂಗಾ ಒಳಗ, ಹೊರಗಿನವ್ರಿಗೂ ಕಾಣೂದಿಲ್ಲ ಒಳಗಿನವ್ರಿಗೂ ಕಾಣೂದಿಲ್ಲ. ಕ್ಲಿಪ್ಪಿಗೆ ಆ ಭಂಗಿ ಬರೂದಾ ಇಲ್ಲ, ಒಂದು ಕಡೆ ಮುಚ್ಚೂದ ತಡ ಇನ್ನೊಂದು ಕಡೆ ತೆರದಬಿಡತೈತಿ, ನಡೂಕ ಬಂದಾಗ ಎರಡೂ ಕಡೆ ಅರ್ಧರ್ಧ ಸಂದಿ. ಆ ಅರ್ಧ ಸಂದಿನ್ಯಾಗ ಸೋಡಿಯಂ ಜಾರಿ ಹೋದ್ರ ಇಡೀ ದಂಧೆನ ಲಾಸು. ಯಾಕಂದ್ರ ಇಡೀ ವ್ಯವಹಾರ ನಡಿಯೂದ ಸೋಡಿಯಂ ಮ್ಯಾಲ: ಹೊರಗ ಸೋಡಿಯಂ ಹೆಚ್ಚು, ಒಳಗ ಅದರ ಹತ್ತನೇ ಪಾಲಿನ ಆಜೂಬಾಜೂ, ಒಳಗ ಬರಾಕ ಅದು ತುದಿಗಾಲಿನ ಮ್ಯಾಲ ನಿಂತಿರತೈತಿ, ಆ ಆಸೆಕ್ಕ ಸೆರೊಟೋನಿನ್ನನ್ನ ಕಟ್ಟಿ ಎಳಕೊಂಡು ಬರೂದು ಈ ಪ್ರೋಟೀನಿನ ಧಂದೆ. ಸೋಡಿಯಂ ಒಬ್ಬನ ಜಾರಿ ಬಂದ್ರ ಹೊರಗ ಹಾಕಾಕ ಪೊರಿಯಾಗಿನ ಪಂಪಿಗೆ ಮತ್ತ ಎಟಿಪಿ, ಅಂದ್ರ ಕೋಶದ ಶಕ್ತಿಯ ರೊಕ್ಕ, ಖರ್ಚು, ಮೂರು ಸೋಡಿಯಂ ಹೊರಗ ಹಾಕಿ ಎರಡು ಪೊಟ್ಯಾಸಿಯಂ ಒಳಗ ತರಾಕ ಒಂದು ಎಟಿಪಿ, ಸಾಲ ಮಾಡಿ ತುಪ್ಪ ತಿಂದಂಗ.

ಹುಡುಗಗ ಇದನ್ನೆಲ್ಲಾ ಹೇಳ್ಳಿಲ್ಲ, ಇಷ್ಟ ಹೇಳಿದೆ: ಮೊದಲ ಮ್ಯಾಲ ಮುಚ್ಚಬೇಕು, ಮುಚ್ಚಿ ನಿಲ್ಲಬೇಕು, ಆಮ್ಯಾಲ ಕೆಳಗ ತೆರೀಬೇಕು. ಅಂವ ಮೂರೂ ಪೀಸ್ ಒಂದರ ಮಗ್ಗಲ ಒಂದು ಹಿಡದು ಬೆಳಕಿಗೆ ತಿರುವಿ ತಿರುವಿ ನೋಡಿ ಅಂದ, "ಸರ್ ಈ ಒಂದನೇ ಕೊಳವಿ ನಡುವ ಮುರದೈತಲ್ರಿ, ಇದು ನಮ್ಮ ಪ್ರಿಂಟಿನ ತಪ್ಪೋ, ಇರೂದ ಹಂಗೋ?" ಇರೂದ ಹಂಗ. ಒಂದನೇ ಸುರುಳಿ ಮತ್ತ ಆರನೇ ಸುರುಳಿ ಎರಡೂ ಪೊರಿ ನಟ್ಟನಡುವ ಬಂದಾಗ ಸುರುಳಿ ಬಿಚ್ಚಿರತಾವ, ಶೇಂಗಾನೂ ಜ್ವಾಳದ ಕಾಳೂ ಕುಂದ್ರೂದು ಅಗದಿ ಆ ಬಿಚ್ಚಿದ ಜಾಗದ ಮಗ್ಗಲ. "ಹಂಗಾದ್ರ ಅಲ್ಲಿ ರಬ್ಬರ್ ಹಾಕೂನ್ರಿ." ಟಿಪಿಯು ಅಂತ ಬಗ್ಗೂ ಪ್ಲಾಸ್ಟಿಕ್ ಇರತೈತಿ, ಮೊಬೈಲ್ ಕವರ್ ಮಾಡತಾರಲ್ಲ ಅದು, ಬಿಚ್ಚಿದ ಜಾಗಕ್ಕ ಅದರ ತುಂಡು ಹಾಕಿದ. ಈಗ ಒಂದನೇ ಸುರುಳಿಯ ಮ್ಯಾಲಿನ ಅರ್ಧ ಬ್ಯಾರೆ ಅಲುಗತೈತಿ, ಕೆಳಗಿನ ಅರ್ಧ ಬ್ಯಾರೆ.

ಇದನ್ನ ಕೈಯಾಗ ಹಿಡದಾಗ ಏನಾಗತೈತಿ ಅಂತ ಒಂದೀಟು ಬಿಡಿಸಿ ಹೇಳತೀನಿ, ಯಾಕಂದ್ರ ರೊಕ್ಕ ಕೊಟ್ಟದ್ದು ಇದಕ್ಕ. ಮ್ಯಾಲಿನ ಬಾಯಿ ತಗದೈತಿ, ಎರಡು ಜ್ವಾಳದ ಕಾಳು ಒಳಗ ಬಿಡ್ರಿ, ಶೇಂಗಾ ಬಿಡ್ರಿ, ಟಕ್ ಅಂತ ನಡುವ ಕುಂದರತೈತಿ. ಈಗ ಮ್ಯಾಲಿನ ಅರ್ಧ ಸ್ವಲ್ಪ ವಾಲಿಸ್ರಿ, ಬಾಯಿ ಮುಚ್ಚಿತು, ಶೇಂಗಾ ಕಾಣೂದಿಲ್ಲ, ಕೆಳಗಿಂದ ಬೆರಳ ಹಾಕಿದ್ರೂ ಹೋಗೂದಿಲ್ಲ, ಅಲ್ಲಿ ದಪ್ಪಗ ಗ್ವಾಡಿ ಐತಿ. ಇಲ್ಲಿ ನಿಲ್ಲಿಸ್ರಿ, ಹುಡುಗರ ಕೈಯಾಗ ಕೊಡ್ರಿ, ಅಳ್ಳಾಡಿಸಿ ಕೇಳಲಿ, ಒಳಗ ಕಾಳು ಗಿಲಿಗಿಲಿ ಅಂತೈತಿ. ಆಮ್ಯಾಲ ಕೆಳಗಿನ ಅರ್ಧ ಹೊರಗ ಎಳೀರಿ, ಕಾಲು ಚಾಚಿದಂಗ 45 ಡಿಗ್ರಿ ಹೊರಗ ಬರತೈತಿ, ಕಾಳೆಲ್ಲಾ ಕೆಳಗ ಟೇಬಲ್ ಮ್ಯಾಲ. ಈ 45 ಡಿಗ್ರಿ ನಾವು ಹೇಳಿದ್ದಲ್ಲ, 2012ರಾಗ ಹರಿಣಿ ಕೃಷ್ಣಮೂರ್ತಿ ಮತ್ತ ಗುವೊ ಅವ್ರು 3ಟಿಟಿ3 ತಗದಾಗ ಕಂಡದ್ದು. ತೊಟ್ಟಿಲ ಗಟ್ಟಿಯಾಗಿ ಇಡಿಯಾಗೆ ತೂಗೂದಿಲ್ಲ, ಅದರಾಗ ಒಂದು ಕಾಲು ತಂದ ಬ್ಯಾರೆ ಚಾಚತೈತಿ ಅಂತ ಅವಾಗ ಗೊತ್ತಾತು. ನಾವು ವಿದ್ಯಾನಗರದ ಮ್ಯಾಲಿನ ಮಾಳಿಗ್ಯಾಗ ಮೊಳೆ ಹಾಕಿ ಮೋಸ ಹೋಗಿ ರಬ್ಬರ್ ಹಾಕಿ ಮತ್ತ ಅಲ್ಲಿಗೇ ಬಂದ್ವಿ.

ಒಳಗ ಹೋದ ಮ್ಯಾಲ ಸೋಡಿಯಂ ಯಾಕ ಬಿಡತೈತಿ ಅಂತ ಒಬ್ಬರು ಕೇಳೇ ಕೇಳ್ತಾರ. ಒಳಗ ಸೋಡಿಯಂ ಕಮ್ಮಿ, ಒಮ್ಮೆ ಬಿಟ್ರ ತಿರುಗಿ ಹತ್ತೂದು ಅಪರೂಪ, ಮತ್ತ ಎರಡು ಕಾಳಿನಾಗ ಒಂದರ ಜಾಗ ಕಾಲು ಚಾಚಿದ ಕೂಡ್ಲೆ ಕೆಟ್ಟ ಹೋಗತೈತಿ. ಸೆರೊಟೋನಿನ್ನಿಂದರಾಗ ಇನ್ನೊಂದು ಕಿತಾಪತಿ ಐತಿ, ಖಾಲಿ ಗಾಡಿ ತಿರುಗಿ ಹೊರಗ ಮಾರಿ ಮಾಡಬೇಕಾದ್ರ ಒಳಗಿಂದ ಒಂದು ಪೊಟ್ಯಾಸಿಯಂ ಹತ್ತಿಸಿಕೊಂಡು ಹೋಗತೈತಿ, ಎಪಿಎಂಸಿಗೆ ಮಾಲು ಇಳಿಸಿ ಬರೂ ಲಾರಿ ರಿಟರ್ನ್ ಲೋಡ್ ತಗೊಂಡಂಗ. ಕ್ಲೋರೈಡೂ ಒಂದು ಬೇಕು. ಲ್ಯೂಟಿಗೆ ಕ್ಲೋರೈಡ್ ಬ್ಯಾಡ, ಆದ್ದರಿಂದ ಮಾಡೆಲ್ಲಿನ್ಯಾಗ ಅದು ಇಲ್ಲ, ಬಾಯಿಲೆ ಹೇಳಬೇಕು.

ಗುಳಿಗಿ ವಿಷಯ ಹೇಳೂ ದಿನ ಶೇಂಗಾ ಬದಲಿ ಒಂದು ಅಡಕಿ ಹೋಳು ಒಯ್ದಿದ್ದೆ. ಖಿನ್ನತೆಗೆ ಕೊಡೂ ಗುಳಿಗಿ ಸೆರೊಟೋನಿನ್ ತಯಾರ ಮಾಡತೈತಿ ಅಂತ ಅರ್ಧ ಕ್ಲಾಸ್ ನಂಬೇತಿ. ಅಡಕಿ ಹಾಕಿ ಬಾಯಿ ಮುಚ್ಚೋ ಅಂದೆ, ಮುಚ್ಚೂದಿಲ್ಲ, ಒತ್ತಿದ, ಮುಚ್ಚೂದಿಲ್ಲ. ಅದ ಗುಳಿಗಿ. ಪ್ಯಾರಾಕ್ಸಿಟಿನ್, ಸಿಟಲೋಪ್ರಾಮ್ ಎರಡೂ 2016ರ ಚಿತ್ರದಾಗ ಹಿಂಗ ನಡುವ ಕುಂತು ಬಾಯಿ ಹೊರಗ ತಗದಂಗ ಹಿಡದಾವ. ಬಾಗಲಾ ಮುಚ್ಚಲಿಲ್ಲಂದ್ರ ಮಾಲು ಒಳಗ ಬರೂದಿಲ್ಲ, ಹೊರಗ ಸೆರೊಟೋನಿನ್ ಹೆಚ್ಚಿಗಿ ಹೊತ್ತು ಉಳೀತೈತಿ, ಹೊಸಾದು ಒಂದೂ ತಯಾರಾಗಿಲ್ಲ. ಕೊಕೇನ್ ಡೋಪಮಿನ್ ಟ್ರಾನ್ಸ್‌ಪೋರ್ಟರಿಗೆ ಮಾಡೂದೂ ಇದಾ ಕಿತಾಪತಿ. ಹಂಗಂತ ಗುಳಿಗಿ ಹೆಂಗ ಗುಣ ಮಾಡತೈತಿ ಅನ್ನೂದು ಇಷ್ಟಕ್ಕ ಮುಗಿಯೂದಿಲ್ಲ, ಬಾಗಲಾ ಒತ್ತಿ ಹಿಡಿಯೂದು ಮೊದಲ ದಿನಾನ ಆಗತೈತಿ, ಮನಸ್ಸು ಹಗುರಾಗಾಕ ವಾರಗಟ್ಟಲೆ ಬೇಕು, ನಡುವ ಮಿದುಳು ತಂದ ಹೊಂದಾಣಿಕಿ ಮಾಡ್ಕೋತಿರತೈತಿ. ಇದನ್ನೂ ಹೇಳಿದೆ, ಯಾಕಂದ್ರ ಕ್ಲಾಸಿನ್ಯಾಗ ಯಾರ ಮನ್ಯಾಗ ಯಾರು ಗುಳಿಗಿ ತಗೋತಿರ್ತಾರ ನಮಗ ಗೊತ್ತಿರೂದಿಲ್ಲ, ಪ್ಲಾಸ್ಟಿಕ್ ನೋಡಿ ಹೋಗಿ ಯಾರೂ ಗುಳಿಗಿ ಬಿಡಬಾರದು. ಒಂದು ಹುಳುಕು ಒಪ್ಪಕೋತೀನಿ, ಅವತ್ತು ಲ್ಯೂಟಿ ಸೆರೊಟೋನಿನ್ ಟ್ರಾನ್ಸ್‌ಪೋರ್ಟರಿನ ವೇಷ ಹಾಕಿತ್ತು, ನಮ್ಮ ಬಯಲಾಟದಾಗ ಊರ ಗೌಡ್ರು ದುರ್ಯೋಧನ ಆದಂಗ.

ಈಗ ಸ್ಟಾರ್ ಕಟ್ ಮಾಡಿದ್ದಕ್ಕ. ಹದಿನೇಳು ದಿನ ಅಂದ್ನಲ್ಲ, ಅದರಾಗ ಐದು ದಿನ ನಂದು, ಬಾಲದ್ದು. ಉಳಿದದ್ದು ಅವ್ರದು, ಕರೆಂಟ್ ಹೋತು, ಕೆಂಪು ಬಣ್ಣದ ಉರುಳಿ ಮುಗೀತು, ನಾಳೆ ನಾಳೆ. ಫೋನ್ ಎತ್ತತಾರ, ಖರೇ ಹೇಳೂದಿಲ್ಲ. ಪ್ಯಾಕಿಂಗ್ ಅಂದ್ರ ಹಳೆ ಪೇಪರ್ ಸುತ್ತಿ ಕ್ಯಾರಿಬ್ಯಾಗಿನ್ಯಾಗ ಹಾಕಿ ಕೊಟ್ಟಾರ, ಗದಗ ಮುಟ್ಟೂದ್ರಾಗ 3ಟಿಟಿ3ರ ಆ ಚಾಚಿದ ಕಾಲ ಮುರದಿತ್ತು, ಇಡೀ ಸೆಟ್ಟಿನ್ಯಾಗ ಮುಖ್ಯ ಅದಾ. ತಿರುಗಿ ಒಯ್ದೆ, ಹಚ್ಚಿ ಕೊಟ್ರು, ಕೆಂಪು ಇಲ್ಲ ಅಂತ ಕಿತ್ತಳೆ ಬಣ್ಣದ್ದು ಹಚ್ಚ್ಯಾರ. ಹುಡುಗರು ಕೇಳ್ತಾರ, ಸರ್ ಈ ಕಿತ್ತಳೆಕ್ಕ ಏನರ ಅರ್ಥ ಐತೇನ್ರಿ ಅಂತ. ಐತಿ ಅಂತೀನಿ, ಹೆಚ್ಚು ಅಲುಗೂದು ಇದಾ ಅಂತ ತೋರಿಸಾಕ ಅಂತೀನಿ. ಇನ್ನ ಜಿಎಸ್‌ಟಿ ಬಿಲ್ ಕೇಳಿ ತಗೋಬೇಕು, ತಾವಾಗೇ ಕೊಡೂದಿಲ್ಲ, ಕಾಲೇಜಿಗೆ ಬಿಲ್ ಹಚ್ಚವ್ರು ಮೊದಲ ಹೇಳ್ರಿ.

ಮತ್ತೊಂದು, ಇದು ಅಂಗಡಿಯವ್ರು ಹೇಳಬೇಕಾಗಿತ್ತು ಹೇಳ್ಳಿಲ್ಲ: ಸಾದಾ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ರ ಮೆತ್ತಗಾಗತೈತಿ. ಏಪ್ರಿಲ್ ಬಿಸಲಾಗ ಕಾಲೇಜಿನ ಮುಂದ ಕಾರಿನ್ಯಾಗ ಒಂದು ಪೀಸ್ ಮರತಿದ್ದೆ, ಮಧ್ಯಾಹ್ನ ಬಂದು ನೋಡಿದ್ರ ಮೂರು ಸುರುಳಿ ಮಲಗಿದ್ವು. 95 ಡಿಗ್ರಿ ನೀರಾಗ ಬದಕೂ ಜೀವಿಯ ಪ್ರೋಟೀನು, ಗದಗಿನ ಬಿಸಲಿಗೆ ಕೈ ಮುಗೀತು. ಪಿಇಟಿಜಿ ಒಳಗ ಮಾಡಿಸ್ರಿ, ಸ್ವಲ್ಪ ರೇಟ್ ಹೆಚ್ಚು, ಇಷ್ಟು ಸೊರಗೂದಿಲ್ಲ.

ಮೂರು ಪೀಸ್ ಮಾಡಿಸೂದೋ, ಒಂದು ಅಲುಗಾಡೂದು ಮಾಡಿಸೂದೋ ಅಂತ ಕೇಳಿದ್ರ ಮೂರ ಮಾಡಿಸ್ರಿ, ಅದರಾಗೂ ನಡೂಕಿಂದು ಬಿಡಬ್ಯಾಡ್ರಿ. ಅಲುಗಾಡೂದು ಮಜಾ, ಆದ್ರ ಎಲ್ಲರೂ ಎರಡೂ ತುದಿ ತಗದು ಮುಚ್ಚಿ ಆಟ ಆಡ್ತಾರ, ನಡುವ ಯಾರೂ ನಿಲ್ಲೂದಿಲ್ಲ. ನಿಂತ ಪೀಸ್ ಟೇಬಲ್ ಮ್ಯಾಲ ಇದ್ರ ಕಣ್ಣು ಅಲ್ಲಿ ಹೋಗತೈತಿ. ಆ ಪ್ರಶ್ನೆ ಕೇಳಿದ ಹುಡುಗಿ ಈಗ ಎಂಎಸ್‌ಸಿಗೆ ಧಾರವಾಡದಾಗ ಅದಾಳ, ಮೊನ್ನೆ ಕಾಲೇಜಿಗೆ ಬಂದಾಗ ಅಲುಗಾಡೂದನ್ನ ಮುಟ್ಟಲೇ ಇಲ್ಲ, ನಡೂಕಿನ ಪೀಸ್ ಎತ್ತಿ ಕಿವಿ ಹತ್ರ ಹಿಡದು ಅಳ್ಳಾಡಿಸಿದ್ಲು, ಕಾಳು ಹಾಕಿರಲಿಲ್ಲ ಅದರಾಗ.

ಗ್ಲುಟಮೇಟ್ ಒಯ್ಯೂ ಪ್ರೋಟೀನಿಂದು ಮುಂದಿನ ಆರ್ಡರ್ ಕೊಟ್ಟೇನಿ, ಅದು ಬ್ಯಾರೆನ ಜಾತಿ, ತೊಟ್ಟಿಲ ಅಲ್ಲ, ಲಿಫ್ಟು, ಕುಂದ್ರೂ ಜಾಗಾನ ಸರಕಿನ ಸಮೇತ ಪೊರಿಯೊಳಗ ಕೆಳಗ ಜಾರತೈತಿ, 15 ಆಂಗ್‌ಸ್ಟ್ರಾಮಿಗಿಂತ ಹೆಚ್ಚು, ನಮ್ಮ ಅಳತಿಗೆ ಮೂರು ಸೆಂಟಿಮೀಟರ್ ಮ್ಯಾಲ, ಮೂರು ಲಿಫ್ಟ್ ಒಂದ ಕಟ್ಟಡದಾಗ. ಅಂಗಡಿ ಹುಡುಗ ಡ್ರಾವರ್ ಚಾನಲ್ ಹಾಕೂನು ಅಂದಾನ, ಬಂದ ಮ್ಯಾಲ ಇಲ್ಲೇ ಬರೀತೀನಿ.

ಆರ್ಡರ್ ಕೊಡಾಕ ಹೋದಾಗ ಹಳೇ ಮಾಡೆಲ್ಲೂ ಒಯ್ದಿದ್ದೆ, ಮೂರು ಬ್ಯಾಚ್ ಹುಡುಗರ ಕೈ ದಾಟೂದ್ರಾಗ ಟಿಪಿಯು ತುಂಡು ಅಂಟು ಬಿಟ್ಟು ಬಂದಿತ್ತು. ಪುಕ್ಕಟ ಹಚ್ಚಿ ಕೊಟ್ಟ. ಎಷ್ಟ ಸಲ ಬಗ್ಗಿಸ್ಯಾರ್ರಿ ಅಂದ, ಒಂದು ಮುನ್ನೂರು ಸಲ ಆಗಿರಬೇಕು ಅಂದೆ. ಖರೇ ಖರೇ ಮೈಯಾಗ ಇದು ಎಷ್ಟು ಸಲ ಬಗ್ಗತೈತ್ರಿ ಅಂದ. ಖರೇನ ತೂತಿನಂಗ ತೆರಕೊಳ್ಳೂ ಚಾನಲ್ ಪ್ರೋಟೀನ್ ಸೆಕೆಂಡಿಗೆ ಕೋಟಿ ಅಯಾನು ಬಿಡತೈತಿ, ಇದು ಪಾಪ ನಿಧಾನ, ಸೆರೊಟೋನಿನ್ನಿಂದು ಸೆಕೆಂಡಿಗೆ ಒಂದೆರಡು ಸಲ ಅಷ್ಟ ಅಂದೆ. ಅಂವ ಫೆವಿಕ್ವಿಕ್ ಮುಚ್ಚಳ ತಿರವಕೊಂತ ಲೆಕ್ಕ ಹಾಕಿದ, "ಹಂಗಾದ್ರ ನಂದು ಐದು ನಿಮಿಷದ ಗ್ಯಾರಂಟಿ ಆತ್ರಿ ಸರ್."